ಗುಮಾಸ್ತರ ಶರ್ಟಿಗೆ ಉಳಿಯದ ನಿಂಬೆಹಣ್ಣು

ನನ್ನ ಮಗಳು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಕಂಡವರ ರಕ್ತ ತೆಗೆದೂ ತೆಗೆದೂ ಅವಳಿಗೆ ಈಗ ಮನುಷ್ಯರ ಮುಖ ಕಾಣುವುದಿಲ್ಲ, ನರ ಮಾತ್ರ ಕಾಣುತ್ತದೆ. ಮನೆಗೆ ಬಂದರೆ ಚೆನ್ನಾಗಿದ್ದೀಯಾ ಎಂದು ಕೇಳುವ ಮೊದಲು ನನ್ನ ಮೊಣಕೈ ಮಡಿಕೆ ನೋಡುತ್ತಾಳೆ. ಹೆತ್ತ ತಾಯಿಯನ್ನು ಹೀಗೆ ನೋಡಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ನನ್ನದು ಇಸ್ತ್ರಿ ಅಂಗಡಿ. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನ ಕೋಣೆಯಲ್ಲಿ ನಾನು. ಮೊದಲು ಇಬ್ಬರಿದ್ದೆವು. ಮೇಜಿನ ಆ ಕಡೆ ನಮ್ಮ ಯಜಮಾನರು, ಈ ಕಡೆ ನಾನು. ಹೋದ ವರ್ಷ ಅವರು ಹೋದರು. ಅವರ ಇಸ್ತ್ರಿ ಪೆಟ್ಟಿಗೆ ಮೇಜಿನ ಆ ಕಡೆಯೇ ಇದೆ, ತಣ್ಣಗೆ. ಅದರ ಜಾಗದಲ್ಲಿ ನಾನು ಬಟ್ಟೆ ಇಡುವುದಿಲ್ಲ.

ಅವರು ಹೋದ ಮೇಲೆ ಎಲ್ಲ ಕೆಲಸವೂ ಒಬ್ಬಳಿಗೇ ಮಾಡಲು ಬಂತು, ಅಡುಗೆ ಮಾತ್ರ ಬರಲಿಲ್ಲ. ಕೈ ಇಬ್ಬರಿಗೇ ಅಳೆಯುತ್ತದೆ. ಅರ್ಧ ಮಾಡೋಣ ಎಂದರೆ ಅರ್ಧಕ್ಕೆ ರುಚಿ ಇಲ್ಲ. ಪೂರ್ತಿ ಮಾಡಿದರೆ ಅರ್ಧ ಪಾತ್ರೆಯಲ್ಲಿ ಉಳಿದು ನನ್ನ ಮುಖ ನೋಡುತ್ತದೆ. ಅದಕ್ಕೇ ಬನ್ನು ಹಿಡಿದೆ. ಬನ್ನಿಗೆ ಆ ತೊಂದರೆ ಇಲ್ಲ. ಒಂದು ಅಂದರೆ ಒಂದು. ಬೆಳಿಗ್ಗೆ ಟೀ ಬನ್ನು, ಮಧ್ಯಾಹ್ನ ಬನ್ನು ಟೀ, ರಾತ್ರಿ ಬದಲಾವಣೆ ಇರಲಿ ಎಂದು ಟೀಯಲ್ಲಿ ಅದ್ದಿದ ಬನ್ನು. (ಬೇಕರಿಯವನು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಅಷ್ಟು ಮರ್ಯಾದೆ ನನಗೆ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ.)

ಮನೆಯಲ್ಲಿ ಹಣ್ಣೇ ಇರಲಿಲ್ಲ ಎಂದುಕೊಳ್ಳಬೇಡಿ. ಒಂದು ಬುಟ್ಟಿ ನಿಂಬೆಹಣ್ಣು ಯಾವಾಗಲೂ ಇರುತ್ತದೆ. ಅದು ನನಗಲ್ಲ, ಗಿರಾಕಿಗಳ ಶರ್ಟಿಗೆ. ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿದರೆ ಕಲೆ ಬಿಡುತ್ತದೆ. ಹಾಗಾಗಿ ಬೀದಿಯ ಶರ್ಟುಗಳೆಲ್ಲ ನನಗಿಂತ ಚೆನ್ನಾಗಿ ತಿಂದುಂಡುಕೊಂಡಿದ್ದವು.

ಆ ದಿನ ಮಗಳು ಬಂದಾಗ ನಾನು ಯಾರದ್ದೋ ಶರ್ಟಿಗೆ ಗುಂಡಿ ಹೊಲಿದು ದಾರವನ್ನು ಹಲ್ಲಿನಿಂದ ಕಡಿದೆ. ಬಾಯಿಗೆ ಹೋಗುವಾಗ ದಾರ ಬಿಳಿ, ಬರುವಾಗ ಕೆಂಪು. ತುಟಿ ಮುಚ್ಚಿಕೊಂಡೆ. ರಕ್ತ ನೋಡುವುದೇ ಕೆಲಸವಾದವಳ ಮುಂದೆ ತುಟಿ ಮುಚ್ಚಿ ಏನು ಪ್ರಯೋಜನ. ದೀಪದ ಕೆಳಗೆ ನಿಲ್ಲಿಸಿ, ಬಾಯಿ ತೆರೆಸಿ, ದನ ಕೊಳ್ಳುವವರ ಹಾಗೆ ನನ್ನ ಒಸಡು ನೋಡಿದಳು. ತೋಳಿನ ಮೇಲಿನ ನೀಲಿ ಕಲೆಗಳನ್ನು ನೋಡಿದಳು. ಮೇಜು ತಗುಲಿದ್ದು ಎಂದೆ. ಕಾಲಿನ ಮೇಲೂ ಕಂಡವು. ಅದೂ ಮೇಜೇ ಎಂದೆ. ಆಮೇಲೆ ಅಡುಗೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದಳು. ಎಲ್ಲದರಲ್ಲೂ ಬನ್ನು.

ಅಲ್ಲಿಂದ ಭಾಷಣ ಶುರು. ಹಣ್ಣು ತರಕಾರಿಯಲ್ಲಿರುವ ಸಿ ವಿಟಮಿನ್ ಮೈಗೆ ಸಾಲದಿದ್ದರೆ ಒಸಡಿನಲ್ಲಿ ರಕ್ತ ಬರುತ್ತದಂತೆ, ಮೈಮೇಲೆ ನೀಲಿ ಕಲೆ ಏಳುತ್ತದಂತೆ. ಕೂಸಿನಿಂದ ಮುದುಕರವರೆಗೆ ಯಾರ ರಕ್ತದಲ್ಲಿ ಸಿ ವಿಟಮಿನ್ ಎಷ್ಟಿದೆ ಎಂದು ನೋಡುವ ಕೆಲಸ ಅವಳ ಲ್ಯಾಬಿನಲ್ಲಿ ನಡೆದಿದೆಯಂತೆ. ಎದೆಹಾಲು ಕುಡಿಯುವ ಕೂಸುಗಳಿಗೆ ಸಾಮಾನ್ಯವಾಗಿ ಸಾಕಷ್ಟು ಇರುತ್ತದಂತೆ. (ಅವಕ್ಕೇನು, ಬನ್ನು ಅಗಿಯಲು ಹಲ್ಲೇ ಇಲ್ಲ.) ಸಿಗರೇಟು ಸೇದುವವರಿಗೆ ಕಡಿಮೆಯಂತೆ. ಹಣ್ಣು ತರಕಾರಿ ಮುಟ್ಟದ ಮಕ್ಕಳಿಗೂ ಕಡಿಮೆಯಂತೆ. ಒಬ್ಬೊಬ್ಬರೇ ಇದ್ದು ಸರಿಯಾಗಿ ಉಣ್ಣದ ವಯಸ್ಸಾದವರದ್ದಂತೂ ಕೇಳುವುದೇ ಬೇಡವಂತೆ.

"ನಿನ್ನಂಥವರೇ, ಅಮ್ಮ," ಎಂದಳು. "ಒಬ್ಬಳೇ ಕೂತು ಟೀ ಕುಡ್ಕೊಂಡು, ಊಟ ಆಯ್ತು ಅಂತ ಫೋನಲ್ಲಿ ಸುಳ್ಳು ಹೇಳೋರು. ಸಾಕು. ಅಂಗಡಿ ಮುಚ್ಚು, ನಮ್ಮನೆಗೆ ಬಾ."

ನೋಡಿ, ಒಸಡಿನಿಂದ ಹೊರಟ ಮಾತು ಅಂಗಡಿ ಬಾಗಿಲಿಗೆ ಬಂದು ನಿಂತಿತು. ಅಂಗಡಿ ಮುಚ್ಚಿದರೆ ಅವರು ಇನ್ನೊಂದು ಸಲ ಹೋದ ಹಾಗೆ. ಒಂದು ಸಲಕ್ಕೇ ನನಗೆ ಸಾಕಾಗಿದೆ. ಇದನ್ನು ಅವಳಿಗೆ ಹೇಳಲಿಲ್ಲ. ಜಗಳ ಆಡಿದೆ. ಅದು ಸುಲಭ.

"ಸೂಜಿ ನಿನ್ನ ಕೈಲೇ ಇದೆಯಲ್ಲ, ತೆಗಿ ರಕ್ತ," ಎಂದೆ. "ಕಡಿಮೆ ಇದ್ರೆ ಬೀಗ ಹಾಕಿ ನಿನ್ನ ಹಿಂದೆ ಬರ್ತೀನಿ. ಸರಿಯಾಗಿದ್ರೆ ಈ ಮಾತು ಇನ್ನೊಂದ್ಸಲ ಎತ್ತಬಾರ್ದು. ನನ್ನೊಬ್ಬಳದ್ದೇ ಅಲ್ಲ, ನಿನ್ನ ಮನೆಯವ್ರದ್ದೂ ತೆಗಿ. ನಿನ್ನ ಜೊತೆ ಇದ್ದು ಅವ್ರು ಎಷ್ಟು ಉದ್ಧಾರ ಆಗಿದಾರೆ ನೋಡೋಣ."

ಒಪ್ಪಿದಳು. ಆದರೆ ಇವತ್ತು ಬೇಡ, ಗಂಟು ಗಂಟು ಬಟ್ಟೆ ಬಿದ್ದಿದೆ, ಬರುವ ಭಾನುವಾರ ಬಾ ಎಂದೆ. ಅವಳು ಆ ಕಡೆ ಹೋದಳು, ನಾನು ಈ ಕಡೆ ನಿಂಬೆಹಣ್ಣಿನ ಬುಟ್ಟಿ ಎಳೆದುಕೊಂಡೆ.

ಆ ವಾರ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಟೀ ಬದಲು ನಿಂಬೆರಸ. ಬನ್ನಿನ ಮೇಲೆ ನಿಂಬೆರಸ. (ನೀವು ತಿನ್ನಲು ಹೋಗಬೇಡಿ.) ಸೀಬೆಹಣ್ಣಿನ ಗಾಡಿ ಬಂದರೆ ಅದನ್ನೂ ಬಿಡಲಿಲ್ಲ. ಟೊಮೆಟೊ ಹಸಿಯಾಗಿ ಕಚ್ಚಿದೆ, ರಸ ಆಗತಾನೇ ಇಸ್ತ್ರಿ ಮಾಡಿದ ದಿಂಬಿನ ಚೀಲದ ಮೇಲೆ ಹಾರಿತು. ಹಲ್ಲಿಗೆ ಗಾಳಿ ತಾಗಿದರೂ ಜುಮ್ಮೆನ್ನುತ್ತಿತ್ತು. ಅದಕ್ಕೆ ಗಿರಾಕಿಗಳ ಜೊತೆ ಬಾಯಿ ಮುಚ್ಚಿಕೊಂಡೇ ವ್ಯವಹರಿಸಿದೆ. ಪಾಪ, ದುಃಖ ಇನ್ನೂ ಆರಿಲ್ಲ ಎಂದುಕೊಂಡು ಹೋದರು.

ಅದೇ ವಾರ ಎದುರು ಕಚೇರಿಯ ಗುಮಾಸ್ತರು ಬಿಳಿ ಶರ್ಟು ತಂದರು. ಹೆಂಡತಿ ಮಕ್ಕಳಿಲ್ಲದ ಒಂಟಿ ಮನುಷ್ಯ, ಮೆತ್ತಗೆ ಮಾತಾಡುವವರು. ಜೇಬಿನ ಮೇಲೆ ತುಕ್ಕಿನ ಕಲೆ. ಯಾವಾಗಿನ ಹಾಗೆ ನಿಂಬೆಹಣ್ಣು ಹಾಕಿ ಎಂದರು. ಆಗಲಿ ಎಂದೆ. ಅವರು ಹೋದ ಮೇಲೆ ಹಣ್ಣು ಹೆಚ್ಚಿದೆ. ಶರ್ಟು ನೋಡಿದೆ, ಹಣ್ಣು ನೋಡಿದೆ. ಹಣ್ಣು ನಾನು ತಿಂದೆ. ಶರ್ಟು ಗೂಟಕ್ಕೆ ಹಾಕಿದೆ.

ಭಾನುವಾರ ಮಗಳ ಮನೆಯ ಮೂವರೂ ಬಂದರು. ಅಳಿಯ ಬಸ್ ಕಂಡಕ್ಟರು. ಬಸ್ಸು ತುಂಬ ಜನರನ್ನು ಗದರಿಸುವವರು ಸೂಜಿ ಕಂಡು ಗೋಡೆ ಹಿಡಿದುಕೊಂಡರು. ಮೊಮ್ಮಗಳು ಬಿಸ್ಕತ್ತು ಕೊಟ್ಟರೆ ಚುಚ್ಚು ಎಂದು ಕೈ ಚಾಚಿದಳು. ಮಗಳು ತನ್ನ ರಕ್ತವನ್ನು ಲ್ಯಾಬಿನ ಗೆಳತಿಯ ಕೈಯಲ್ಲಿ ತೆಗೆಸಿಕೊಂಡಳಂತೆ.

ಫಲಿತಾಂಶ ಹೇಳಲು ಎಲ್ಲರೂ ಬಂದ ದಿನ ಮಗಳ ಮುಖ ನೋಡಿದ ಕೂಡಲೇ ಗೆದ್ದೆ ಎಂದು ತಿಳಿಯಿತು. ಎಲ್ಲರಿಗಿಂತ ಮೇಲೆ ನಾನು. ನನ್ನ ಕೆಳಗೆ, ಬಹಳ ಕೆಳಗೆ, ಬಿಸ್ಕತ್ತಿನ ಮೊಮ್ಮಗಳು. ಅವಳ ಕೆಳಗೆ ಭಾಷಣ ಮಾಡಿದ ಮಗಳು. (ಕ್ಯಾಂಟೀನಿನಲ್ಲಿ ನಿಂತುಕೊಂಡೇ ಕರಿದದ್ದು ತಿಂದು ಊರಿನವರ ರಕ್ತ ನೋಡುತ್ತಿದ್ದಳು.) ಎಲ್ಲರ ತಳದಲ್ಲಿ ಅಳಿಯ.

"ಸಿಗರೇಟು ಬಿಟ್ಟಿದ್ದೀನಿ ಅಂದಿದ್ರಿ?" ಎಂದು ಮಗಳು ಆ ಕಡೆ ತಿರುಗಿದಳು. ಅಳಿಯ ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಅವರ ಅಂಗಿಯ ಮೇಲೆ ಇಸ್ತ್ರಿ ಇಟ್ಟ ಕೂಡಲೇ ಹೊಗೆ ವಾಸನೆ ಏಳುತ್ತದೆ. ಅವರು ಬಿಟ್ಟದ್ದು ಹೊಗೆಯನ್ನು, ಸಿಗರೇಟನ್ನಲ್ಲ. ಇಷ್ಟು ದಿನ ನಾನು ಬಾಯಿ ಬಿಟ್ಟಿರಲಿಲ್ಲ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಗೆದ್ದವರು ಸುಮ್ಮನಿರುವುದುಂಟೇ? ಒಂಟಿಯಾಗಿ ಬಾಳುವುದರ ಮಹಿಮೆಯ ಮೇಲೆ ಉಪನ್ಯಾಸ ಹಿಡಿದೆ. ಅದು ಅರ್ಧಕ್ಕೆ ಬಂದಾಗ ಮೊಮ್ಮಗಳು ಮೇಜಿನ ಕೆಳಗೆ ತೂರಿ ಒಂದು ಬಕೆಟ್ಟು ಎಳೆದು ತಂದಳು. ಬಕೆಟ್ಟಿನ ತುಂಬ ನಿಂಬೆ ಸಿಪ್ಪೆ.

"ಅದು ಶರ್ಟಿಗೆ ಹಾಕಿದ್ದು," ಎಂದೆ.

ಮಗಳು ಗೂಟದ ಕಡೆ ನೋಡಿದಳು. ಗುಮಾಸ್ತರ ಶರ್ಟು ತೂಗುತ್ತಿತ್ತು. ಜೇಬಿನ ಮೇಲಿನ ಕಲೆ ಬಂದ ದಿನದ ಹಾಗೇ ಇತ್ತು.

"ಯಾವ ಶರ್ಟಿಗೆ?" ಎಂದಳು.

ನಾನು ಬಕೆಟ್ಟನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದೆ. ಮಗಳ ಭಾಷಣ ಮತ್ತೆ ಶುರುವಾಯಿತು. ಈಚೆಗೆ ತಿಂದದ್ದೇ ರಕ್ತದಲ್ಲಿ ಎದ್ದು ಕಾಣುತ್ತದಂತೆ, ವಾರ ತಿಂದರೆ ಯಾರಾದರೂ ಗೆಲ್ಲಬಹುದಂತೆ, ಇದು ಮೋಸವಂತೆ. ತಿಂದವಳು ನಾನು, ರಕ್ತ ನನ್ನದು, ಇದರಲ್ಲಿ ಮೋಸ ಎಲ್ಲಿ ಬಂತು ಎಂದೆ. ಅತ್ತೆ ಹೇಳೋದ್ರಲ್ಲಿ ನ್ಯಾಯ ಇದೆ ಎಂದರು ಅಳಿಯ. (ಅಂಗಿಯ ವಾಸನೆಯ ಋಣ.) ಮಗಳ ಒಂದು ನೋಟಕ್ಕೆ ಮತ್ತೆ ಗೋಡೆ ಹಿಡಿದುಕೊಂಡರು.

ಮಗಳು ಮೇಜಿನ ಆ ಕಡೆ ಹೋಗಿ ನಿಂತಳು. ಅಪ್ಪನ ಇಸ್ತ್ರಿ ಪೆಟ್ಟಿಗೆಯ ಮೇಲೆ ಬೆರಳು ಎಳೆದಳು. ಬೆರಳಿಗೆ ಧೂಳು ಅಂಟಲಿಲ್ಲ.

"ಸರಿ, ಅಂಗಡಿ ಮುಚ್ಚಬೇಡ," ಎಂದಳು. ನನ್ನ ಎದೆ ಹಗುರಾಯಿತು. ಆಗ ಅವಳು ಮಾತು ಮುಗಿಸಿದಳು: "ನೀನು ಬರಬೇಡ, ನಾವೇ ಬರ್ತೀವಿ. ದಿನಾ ಸಂಜೆ ಊಟ ಇಲ್ಲೇ. ಇಷ್ಟು ಚೆನ್ನಾಗಿ ತಿನ್ನೋಳು ನೀನು, ನಮಗೂ ಮಾಡಿ ಹಾಕು."

ಕೂರಲು ಜಾಗ ಇಲ್ಲ ಎಂದೆ. ಮೇಜಿದೆ ಎಂದಳು. ಬಟ್ಟೆ ಇದೆ ಎಂದೆ. ಸರಿಸು ಎಂದಳು. ಗೆದ್ದವಳ ಗತಿ ಇದು. ನನ್ನೊಬ್ಬಳ ಪಾತ್ರೆಗೇ ಹೆದರಿ ಬನ್ನು ಹಿಡಿದವಳು ಈಗ ಒಂದು ಸಂಸಾರಕ್ಕೆ ಬೇಯಿಸುತ್ತಿದ್ದೇನೆ. ಅಳಿಯ ಸೌತೆಕಾಯಿಯನ್ನು ಟಿಕೆಟ್ಟಿನಷ್ಟು ತೆಳ್ಳಗೆ ಹೆಚ್ಚುತ್ತಾರೆ. ಮೊಮ್ಮಗಳು ನಿಂಬೆ ಹೋಳು ಚೀಪಿ ಮುಖವನ್ನು ಇಸ್ತ್ರಿ ಕಾಣದ ಬಟ್ಟೆಯ ಹಾಗೆ ಮುದುಡುತ್ತಾಳೆ, ಮತ್ತೆ ಚೀಪುತ್ತಾಳೆ.

ಮೊದಲ ಸಂಜೆ ಅಕ್ಕಿ ಅಳೆದಾಗ ಜನ ನಾಲ್ಕು, ಕೈ ಐದಕ್ಕೆ ಅಳೆಯಿತು. ಹೋದವರದ್ದೂ ಸೇರಿಸಿ. ಇವತ್ತೂ ಉಳಿದು ನನ್ನ ಮುಖ ನೋಡುತ್ತದೆ ಎಂದುಕೊಂಡೆ. ಉಳಿಯಲಿಲ್ಲ. ಅಳಿಯ ಬಳಿದುಕೊಂಡು ಉಂಡರು. (ಅವರಿಗೆ ಕೊರತೆ ಇದ್ದದ್ದು ರಕ್ತದಲ್ಲಿ, ಹಸಿವಿನಲ್ಲಿ ಅಲ್ಲ.)

ನನ್ನ ಒಸಡು ಈಗ ಸರಿಯಾಗಿದೆ. ದಾರ ಬಿಳಿಯಾಗಿಯೇ ಹೊರಗೆ ಬರುತ್ತದೆ. ಗುಮಾಸ್ತರ ಕಲೆ ಮಾತ್ರ ಹೋಗಲಿಲ್ಲ. ತಂದ ನಿಂಬೆಹಣ್ಣು ತಟ್ಟೆಗಳಿಗೇ ಸಾಲದು, ಶರ್ಟಿಗೆ ಎಲ್ಲಿಂದ ತರಲಿ. ಅವರು ಬಂದು ಬಂದು ಕೇಳುತ್ತಿದ್ದರು, ನಾನು ನಾಳೆ ನಾಳೆ ಎನ್ನುತ್ತಿದ್ದೆ. ಒಂದು ಸಂಜೆ ಬಂದಾಗ ನಾವು ಊಟಕ್ಕೆ ಕೂತಿದ್ದೆವು. ಬಾಗಿಲಲ್ಲೇ ನಿಂತು ನಮ್ಮ ತಟ್ಟೆಗಳನ್ನು ನೋಡಿದರು. ಕೈಯಲ್ಲಿ ಬೇಕರಿಯ ಪೊಟ್ಟಣವಿತ್ತು. ಮಗಳು ಅವರ ಮುಖ ನೋಡಲಿಲ್ಲ, ಮೊಣಕೈ ಮಡಿಕೆ ನೋಡಿದಳು.

ನಾನು ಎದ್ದು ಇನ್ನೊಂದು ತಟ್ಟೆ ತೊಳೆದೆ. ಈಗಲೂ ಅವರು ಸಂಜೆ ಬರುತ್ತಾರೆ, ಶರ್ಟು ಕೇಳುವುದನ್ನು ಮಾತ್ರ ಬಿಟ್ಟಿದ್ದಾರೆ.