ಅಳಿಯನ ಹೆಸರಿನ ಮುಂದೆ ಒಂದು ತಾರೀಖು

ಆ ದಿನದ ಫಜೀತಿಗೆಲ್ಲ ಕಾರಣ ಒಂದು ಬೂಟಿನ ದಾರ.

ಪಂದ್ಯ ಮುಗಿಯಲು ಇನ್ನೆರಡು ನಿಮಿಷ ಇತ್ತು. ಎರಡು ಕಡೆಯೂ ಗೋಲಿಲ್ಲ. ಊರಿನ ತಂಡದ ಹಿಂದಿನ ಸಾಲಿನಲ್ಲಿ ಆಡುವ ಉದ್ದನೆಯ ಹುಡುಗ, ಚೆಂಡು ಮೈದಾನದ ಆ ತುದಿಯಲ್ಲಿದೆ ಅಂದುಕೊಂಡು, ಬಿಚ್ಚಿದ ದಾರ ಕಟ್ಟಲು ಬಗ್ಗಿದ. ಅಷ್ಟರಲ್ಲಿ ಎದುರಾಳಿಯೊಬ್ಬ ದೂರದಿಂದ ಸುಮ್ಮನೆ ಒದ್ದ ಚೆಂಡು ಹಾರಿ ಬಂದು, ಆ ಬಗ್ಗಿದ ಬೆನ್ನಿಗೆ ಬಡಿದು, ಗೋಲ್‌ಕೀಪರನ ತಲೆಯ ಮೇಲಿಂದ ಗೋಲಿನೊಳಗೆ ಹೋಗಿ ಕೂತಿತು. ದಾರ ಕಟ್ಟಿ ಎದ್ದವನು, "ಯಾಕ್ರೋ, ಏನಾಯ್ತು?" ಎಂದು ಕೇಳಿದ.

ಅದು ಸತತ ಮೂರನೆಯ ಸೋಲು. ಆ ಕ್ಲಬ್ಬಿನಲ್ಲಿ ಮೂರು ಸೋಲು ಅಂದರೆ ಮ್ಯಾನೇಜರು ಮನೆಗೆ.

ಕಳಿಸುವುದಕ್ಕೂ ಅಲ್ಲಿ ಒಂದು ಕ್ರಮ ಇತ್ತು. ಕ್ಲಬ್ಬಿನ ಹಜಾರದಲ್ಲಿ ಬಾಗಿಲಷ್ಟು ದೊಡ್ಡ ಮರದ ಹಲಗೆಯೊಂದನ್ನು ಗೋಡೆಗೆ ಬಿಗಿದಿದ್ದರು. ಕಪ್ಪು ಬಣ್ಣದ ಮೇಲೆ ಚಿನ್ನದ ಬಣ್ಣದ ಅಕ್ಷರ. ಮ್ಯಾನೇಜರಾದವರೆಲ್ಲ ಅಲ್ಲಿ ಒಬ್ಬರ ಕೆಳಗೊಬ್ಬರು: ಹೆಸರು, ಬಂದ ತಾರೀಖು, ಹೋದ ತಾರೀಖು. ಹೋದ ತಾರೀಖು ಹಲಗೆಯ ಮೇಲೆ ಬೀಳುವ ತನಕ ಯಾರನ್ನೂ ತೆಗೆದಂತಲ್ಲ, ಇನ್ನೊಬ್ಬನನ್ನು ತರುವಂತೆಯೂ ಇಲ್ಲ. ಕ್ಲಬ್ಬು ಕಟ್ಟಿದ ಹಿರಿಯರ ನಿಯಮ. ಒಬ್ಬ ಮನುಷ್ಯನನ್ನು ಕಳಿಸುವ ಮುಂಚೆ, ಬಣ್ಣ ಕಲಸಿ ಏಣಿ ಹತ್ತುವಷ್ಟು ಹೊತ್ತಾದರೂ ಯೋಚಿಸಲಿ ಅಂತ ಮಾಡಿದ್ದಿರಬೇಕು.

ಆ ಹಲಗೆಯ ಮೇಲಿನ ಒಂದೊಂದು ಅಕ್ಷರವೂ ಕುಂಚಪ್ಪನದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು; ಅದು ಅವನ ಹೆಂಡತಿಗೂ ಮರೆತುಹೋಗಿತ್ತು. ಅಂಗಡಿಗಳ ಬೋರ್ಡು, ಲಾರಿಗಳ ಬೆನ್ನು ಬರೆದು ಬದುಕಿದವನು. ಇಪ್ಪತ್ತೆಂಟು ವರ್ಷದಿಂದ ಕ್ಲಬ್ಬಿನ ಬೋರ್ಡು ಬರಹಗಾರ. ಮೊದಲ ಹತ್ತೊಂಬತ್ತು ವರ್ಷ ಅವನಿಗೆ ಕೆಲಸವೇ ಇರಲಿಲ್ಲ, ಒಬ್ಬರೇ ಮ್ಯಾನೇಜರು. ಅವರು ತೀರಿಕೊಂಡ ಮೇಲೆ ಒಂಬತ್ತು ವರ್ಷದಲ್ಲಿ ಹದಿನಾಲ್ಕು ಜನ ಬಂದರು, ಹದಿನಾಲ್ಕು ಜನ ಹೋದರು. ಒಬ್ಬನಂತೂ ಬಂದ ತಾರೀಖಿನ ಬಣ್ಣ ಒಣಗುವ ಮುಂಚೆ ಹೋದ. ಕುಂಚಪ್ಪ ಏಣಿ ತೆಗೆದಿರಲೇ ಇಲ್ಲ.

ಹದಿನಾರನೆಯ ಹೆಸರು ಅವನ ಸ್ವಂತ ಅಳಿಯನದು. ನಲವತ್ತು ದಿನದ ಹಿಂದೆ ಅದನ್ನು ಬರೆಯುವಾಗ ಕುಂಚಪ್ಪ ಹೊಸ ಕುಂಚ ಕೊಂಡಿದ್ದ. ಬರೆದಾದ ಮೇಲೆ ಮಗಳನ್ನು ಕರೆತಂದು ತೋರಿಸಿದ, ಹೆಂಡತಿಯನ್ನು ಎರಡು ಸಲ ಕರೆತಂದು ತೋರಿಸಿದ. ಬೀದಿಯಲ್ಲಿ ದಾರಿ ಕೇಳಿದವರಿಗೂ, "ಕ್ಲಬ್ಬಿನ ಮುಂದೆ ಹಾಯ್ದು ಹೋಗಿ, ಒಳಗೆ ನಮ್ಮ ಅಳಿಯಂದಿರ ಹೆಸರಿದೆ" ಅನ್ನುತ್ತಿದ್ದ. ಅವರಿಗೆ ಬೇಕಾಗಿದ್ದದ್ದು ಬಸ್ ನಿಲ್ದಾಣ.

ಈಗ ಆ ಹೆಸರಿನ ಮುಂದೆ ತನ್ನ ಕೈಯಾರೆ ಹೋದ ತಾರೀಖು ಬರೆಯಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಕಮಿಟಿ ಕೂತಿತು, ಹನ್ನೆರಡೂ ಐದಕ್ಕೆ ಎದ್ದಿತು. ಕಮಿಟಿ ಅಂದರೆ ಮೂರೇ ಜನ: ಅಧ್ಯಕ್ಷರು, ಅವರದು ಔಷಧಿ ಅಂಗಡಿ; ಕಾರ್ಯದರ್ಶಿ, ಅವರದು ಕನ್ನಡಕದ ಅಂಗಡಿ; ಮೂರನೆಯವರು ಸಲೂನಿನವರು.

"ನೋಡಿ ಕುಂಚಪ್ಪನೋರೇ, ಬೇಜಾರು ಮಾಡ್ಕೋಬೇಡಿ," ಎಂದರು ಅಧ್ಯಕ್ಷರು. "ಮೂರು ದಿನ ಮಾತ್ರೆ ತಗೊಂಡೂ ಜ್ವರ ಇಳೀಲಿಲ್ಲ ಅಂದ್ರೆ ಏನ್ ಮಾಡ್ತೀವಿ? ಮಾತ್ರೆ ಬದಲಾಯಿಸ್ತೀವಿ."

"ಒಂದ್ಸಲ ರೋಗಿ ಮೈ ಮುಟ್ಟಿ ನೋಡಲ್ವಾ?"

"ಅದು ಡಾಕ್ಟರ ಕೆಲಸ. ನಾನು ಮಾತ್ರೆ ಮಾರೋನು."

ಕುಂಚಪ್ಪ ಹಲಗೆಯ ಕಡೆ ನೋಡಿದ. ಬರೆಯದಿದ್ದರೆ ತೆಗೆದಂತಲ್ಲ. ಹಾಗಾದರೆ ಬರೆಯಬಾರದು, ಅಷ್ಟೇ.

"ಚಿನ್ನದ ಬಣ್ಣ ಖಾಲಿ," ಎಂದ.

ಕಾರ್ಯದರ್ಶಿ ಬೀರು ತೆಗೆದರು. ಒಳಗೆ ಆರು ಡಬ್ಬಿ ಸಾಲಾಗಿ ನಿಂತಿದ್ದವು. "ಹೋದ್ಸಲವೇ ತರಿಸಿಟ್ಟೆ. ನಮ್ಮ ಕ್ಲಬ್ಬಿಗೆ ಚೆಂಡಿಗಿಂತ ಇದೇ ಹೆಚ್ಚು ಖರ್ಚು."

"ಏಣಿ ಮುರಿದಿದೆ."

"ಕುರ್ಚಿ ಮೇಲೆ ಕುರ್ಚಿ ಇಡೋಣ. ನಾನು ಹಿಡ್ಕೋತೀನಿ."

ಕಾರ್ಯದರ್ಶಿಗಳು ಹಿಡಿದುಕೊಂಡ ಯಾವುದೂ ನೆಟ್ಟಗೆ ನಿಂತದ್ದನ್ನು ಕುಂಚಪ್ಪ ಕಂಡಿರಲಿಲ್ಲ. ಬೇರೆ ದಾರಿ ಕಾಣದೆ ಬಲಭುಜ ಹಿಡಿದುಕೊಂಡು, "ಅಯ್ಯಯ್ಯೋ," ಎಂದ.

"ಏನಾಯ್ತು?"

"ಬೆಳಗ್ಗೆಯಿಂದ ಕೈ ಮೇಲೇಳ್ತಾನೇ ಇಲ್ಲ. ಒಂದು ತಿಂಗಳು ಬೇಕಾಗಬಹುದು."

ಒಂದು ತಿಂಗಳಲ್ಲಿ ಐದು ಪಂದ್ಯ ಬರುತ್ತವೆ, ಐದರಲ್ಲಿ ಒಂದಾದರೂ ಗೆಲ್ಲುವುದಿಲ್ಲವೇ ಅಂತ ಅವನ ಲೆಕ್ಕ. ಆದರೆ ಆ ಮಾತು ಕೇಳಿ ಸಲೂನಿನವರ ಮುಖ ಅರಳಿದ ಹೂವಾಯಿತು. ಕೂದಲು ಕತ್ತರಿಸುವುದಕ್ಕಿಂತ ಕತ್ತಿನ ನೆಟಿಗೆ ತೆಗೆಯುವುದರಲ್ಲೇ ತನಗೆ ಹೆಸರು ಅಂತ ಅವರ ನಂಬಿಕೆ.

"ಭುಜ ತಾನೇ? ಇಲ್ಲಿ ಕೊಡಿ."

"ಬೇಡಿ, ತಾನಾಗೇ ಹೋಗುತ್ತೆ."

"ತಾನಾಗಿ ಹೋಗೋಕೆ ಅದೇನು ನೆಂಟರೇ? ಕೊಡೀಂದ್ರೆ!"

ಅವರು ಕುಂಚಪ್ಪನ ಕೈಯನ್ನು ಒದ್ದೆ ಕಂಬಳಿ ಹಿಂಡಿದಂತೆ ಹಿಂಡಿ, ಮೊಣಕಾಲು ಬೆನ್ನಿಗೆ ಕೊಟ್ಟು, ಒಂದು ಸಲ ಎಳೆದರು. 'ಲಟಕ್' ಅಂದಿತು. ಕುಂಚಪ್ಪ ಈ ಸಲ ಕೂಗಿದ "ಅಯ್ಯಯ್ಯೋ"ದಲ್ಲಿ ಸುಳ್ಳೇನೂ ಇರಲಿಲ್ಲ. ಅಧ್ಯಕ್ಷರು ಓಡಿಹೋಗಿ ಅಂಗಡಿಯಿಂದ ಮೂರು ಬಗೆಯ ಮುಲಾಮು ತಂದರು. ಮೂರನ್ನೂ ಒಟ್ಟಿಗೆ ಹಚ್ಚಿದ್ದಕ್ಕೆ ಭುಜ ಉರಿಯತೊಡಗಿತು, ಆಮೇಲೆ ತಣ್ಣಗಾಯಿತು, ಆಮೇಲೆ ಇದೆಯೋ ಇಲ್ಲವೋ ತಿಳಿಯದಾಯಿತು. ಕೈಗೆ ಪಟ್ಟಿ ಕಟ್ಟಿ ಕುತ್ತಿಗೆಗೆ ತೂಗುಹಾಕಿದರು.

ನೋವಿದ್ದರೂ ಕುಂಚಪ್ಪನಿಗೆ ಒಳಗೊಳಗೇ ಸಮಾಧಾನ. ಇನ್ನು ಯಾರೂ ಬರೆಯಿರಿ ಅನ್ನುವಂತಿಲ್ಲ.

ಹೊರಗೆ ಗೇಟಿನ ಹತ್ತಿರ ಜನ ಸೇರಿದ್ದರು. ಸೋತ ದಿನ ಯಾರನ್ನು ತೆಗೆದರು ಅಂತ ತಿಳಿಯದೆ ಆ ಊರಿನವರಿಗೆ ಊಟ ಸೇರುವುದಿಲ್ಲ. "ಯಾರು ಹೋದ್ರು? ಬೇಗ ಹೇಳಿ!" ಎಂದು ಕೂಗು ಕೇಳುತ್ತಿತ್ತು.

"ಎಲ್ಲಾ ನನ್ನಿಂದಲೇ ಆಯ್ತು," ಎಂದರು ಸಲೂನಿನವರು, ಕುಂಚಪ್ಪನ ಪಟ್ಟಿ ನೋಡುತ್ತ. "ನಾನೇ ಬರೆದುಬಿಡ್ತೀನಿ. ಇಷ್ಟು ಜನರ ಕತ್ತಿನ ಮೇಲೆ ನೇರ ಗೆರೆ ಎಳೆದಿದ್ದೀನಿ, ಒಂದು ತಾರೀಖು ಯಾವ ಮಹಾ!"

ಕುಂಚಪ್ಪ ಬಾಯಿ ತೆರೆಯುವಷ್ಟರಲ್ಲಿ ಅವರು ಕುಂಚವನ್ನು ಡಬ್ಬಿಯಲ್ಲಿ ಹಿಡಿಯ ತನಕ ಮುಳುಗಿಸಿ, ಮುರಿದಿದೆ ಎಂದ ಏಣಿಯನ್ನೇ ಸರಸರ ಏರಿದರು. ಮೊದಲ ಅಂಕೆ ಬರೆದರು. ಅದು ಅಂಕೆಯಂತಿರಲಿಲ್ಲ, ಮೆಟ್ಟಿ ಬಿಟ್ಟ ಬಸವನಹುಳುವಿನಂತಿತ್ತು. ಅದರ ಬಾಲದಿಂದ ಚಿನ್ನದ ಹನಿಯೊಂದು ಹೊರಟು ನಿಧಾನವಾಗಿ ಅಳಿಯನ ಹೆಸರಿನ ಕೊನೆಯ ಅಕ್ಷರದ ಕಡೆ ಇಳಿಯತೊಡಗಿತು.

ಇಪ್ಪತ್ತೆಂಟು ವರ್ಷದಲ್ಲಿ ಆ ಹಲಗೆಯ ಮೇಲೆ ಒಂದು ಹನಿಯೂ ಸೋರಿರಲಿಲ್ಲ. ಕುಂಚಪ್ಪ ಒಂದು ಕ್ಷಣ ತಡೆದ, ಎರಡು ಕ್ಷಣ ತಡೆದ. ಮೂರನೆಯ ಕ್ಷಣ ಆಗಲಿಲ್ಲ.

"ಇಳೀರಿ ಕೆಳಗೆ!" ಎಂದು ಗುಡುಗಿ, ಪಟ್ಟಿಯಿಂದ ಬಲಗೈ ಕಿತ್ತುಕೊಂಡು, ಅವರನ್ನು ಏಣಿಯಿಂದ ಎಳೆದು, ತಾನೇ ಹತ್ತಿ, ಎಣ್ಣೆ ಬಟ್ಟೆಯಿಂದ ಹನಿಯನ್ನೂ ಬಸವನಹುಳುವನ್ನೂ ಗುರುತು ಉಳಿಯದಂತೆ ಒರೆಸಿದ. ಒರೆಸಿ ಹಿಂದೆ ವಾಲಿ, ಕಣ್ಣು ಕಿರಿದು ಮಾಡಿ ನೋಡಿ, "ಹಾಂ," ಎಂದ.

ಮೂವರೂ ಅವನ ಬಲಗೈಯನ್ನೇ ನೋಡುತ್ತಿದ್ದರು.

"ಕೈ ಎಷ್ಟು ಚೆನ್ನಾಗಿ ಏಳುತ್ತಲ್ರೀ," ಎಂದರು ಕಾರ್ಯದರ್ಶಿ, ಕನ್ನಡಕ ಒರೆಸಿ ಹಾಕಿಕೊಂಡು.

"ನಾನು ತೆಗೆದ ನೆಟಿಗೆ," ಎಂದರು ಸಲೂನಿನವರು.

ಸಿಕ್ಕಿಬಿದ್ದ ಮೇಲೆ ಕುಂಚಪ್ಪನಿಗೆ ಧೈರ್ಯ ಬಂತು. ಏಣಿಯ ಮೇಲೆ ನಿಂತೇ ಮಾತಾಡಿದ.

"ಹೌದು, ಸುಳ್ಳು ಹೇಳ್ದೆ. ಅಳಿಯ ಅಂತ ಮಾತ್ರ ಅಲ್ಲ. ಈ ಮೇಲಿನ ಹೆಸರು ನೋಡಿ, ಮೊದಲನೇ ಮ್ಯಾನೇಜರು. ಬಂದ ವರ್ಷ ಎಷ್ಟು ಪಂದ್ಯ ಸೋತ್ರು ಅಂತ ಗೊತ್ತಾ? ಸಾಲಾಗಿ ಹನ್ನೊಂದು. ಆಗ ಗೋಲ್‌ಕೀಪರ್ ಯಾರು? ನೀವೇ ಅಧ್ಯಕ್ಷರೇ. ಹನ್ನೊಂದು ಪಂದ್ಯಕ್ಕೆ ಮೂವತ್ನಾಲ್ಕು ಗೋಲು ಬಿಟ್ಟಿದ್ರಿ."

"ಮೂವತ್ಮೂರು," ಎಂದರು ಅಧ್ಯಕ್ಷರು ಸಣ್ಣ ದನಿಯಲ್ಲಿ. "ಒಂದು ಆಫ್‌ಸೈಡು."

"ಮೂರಕ್ಕೇ ಅವರನ್ನ ತೆಗೆದಿದ್ರೆ ಅವರ ಹಿಂದೆ ನಿಮ್ಮನ್ನೂ ತೆಗೀತಿದ್ರು. ತೆಗೀಲಿಲ್ಲ. ದಿನಾ ಸಂಜೆ ನಿಮ್ಮನ್ನ ನಿಲ್ಸಿ ನೂರು ನೂರು ಚೆಂಡು ಎಸೀತಿದ್ರು. ಎರಡನೇ ವರ್ಷ ಕಪ್ ಬಂತು. ಆಗ ತೆಗೆದ ಫೋಟೋದಲ್ಲಿ ಕಪ್ ತಬ್ಕೊಂಡು ಅಳ್ತಾ ನಿಂತಿರೋದು ಯಾರು? ನನ್ನ ಅಕ್ಷರ ಒಣಗೋಕೇ ಎರಡು ದಿನ ಬೇಕು ಸ್ವಾಮಿ. ಒಂದು ತಂಡ ಕೂಡೋಕೆ ಕಾಲ ಬೇಡ್ವಾ? ನಮ್ಮ ಹುಡುಗ ಬಂದು ಬರೀ ನಲವತ್ತು ದಿನ ಆಗಿದೆ. ಇವತ್ತು ಎಂಬತ್ತೆಂಟು ನಿಮಿಷ ಒಂದು ಗೋಲು ಬಿಟ್ಟಿಲ್ಲ, ಹೋದ ತಿಂಗಳು ಇದೇ ತಂಡ ನಮಗೆ ಐದು ಹೊಡೆದಿತ್ತು."

ಅಧ್ಯಕ್ಷರು ಮೂಗು ಒರೆಸಿಕೊಂಡರು. ಸಲೂನಿನವರು ಮೇಲೆ ನೋಡಿದರು. ಕೊನೆಗೆ ಅಧ್ಯಕ್ಷರು, "ಮ್ಯಾನೇಜರು ಇರಲಿ. ಕಾಲ ಕೊಡೋಣ," ಎಂದರು. ಮೂರು ಕೈ ಮೇಲೆದ್ದವು.

ಕುಂಚಪ್ಪ ಏಣಿಯಿಂದ ಇಳಿದದ್ದೇ ಅವನಿಗೆ ಗೊತ್ತಾಗಲಿಲ್ಲ. ಎದೆ ಅಷ್ಟು ಹಗುರವಾಗಿತ್ತು. ಆಗ ಗೇಟಿನ ಕಡೆಯಿಂದ ಇನ್ನೊಂದು ಕೂಗು ಬಂತು. "ಯಾರನ್ನಾದ್ರೂ ತೆಗೀರೀ! ಹನ್ನೆರಡು ಗಂಟೆಯಿಂದ ಕಾಯ್ತಾ ಇದ್ದೀವಿ!"

ಅಧ್ಯಕ್ಷರು ಬೆವೆತರು. "ಏನೂ ಆಗ್ಲಿಲ್ಲ ಅಂತ ಹೇಳೋಕೆ ನಾನು ಹೊರಗೆ ಹೋಗೋದು ಹೇಗ್ರೀ? ನನ್ನನ್ನೇ ತೆಗೆದುಬಿಡ್ತಾರೆ."

ಕಾರ್ಯದರ್ಶಿ ಯೋಚಿಸಿದರು. ಯೋಚಿಸುತ್ತ ಯೋಚಿಸುತ್ತ ಅವರ ಕನ್ನಡಕ ಕುಂಚಪ್ಪನ ಕಡೆ ತಿರುಗಿತು. ಕಮಿಟಿಗೆ ಸುಳ್ಳು ಹೇಳಿದ್ದೂ ನಿಜ, ಕಮಿಟಿಯವರನ್ನು ಏಣಿಯಿಂದ ಕೆಡವಿದ್ದೂ ನಿಜ.

ಎರಡು ನಿಮಿಷದಲ್ಲಿ ಅಧ್ಯಕ್ಷರು ಮೆಟ್ಟಿಲ ಮೇಲೆ ನಿಂತು ಸಾರಿದರು: "ಇವತ್ತಿನ ಸೋಲನ್ನ ಕಮಿಟಿ ಗಂಭೀರವಾಗಿ ತಗೊಂಡಿದೆ. ಬೋರ್ಡು ಬರಹಗಾರರನ್ನ ಕೂಡಲೇ ತೆಗೆದುಹಾಕಿದ್ದೇವೆ!"

ಜನ ಚಪ್ಪಾಳೆ ತಟ್ಟಿದರು. "ಅಂತೂ ಬುಡಕ್ಕೇ ಕೈ ಹಾಕಿದ್ರಪ್ಪ," ಎಂದ ಒಬ್ಬ. ಎಲ್ಲರೂ ಊಟಕ್ಕೆ ಹೋದರು.

ಇಪ್ಪತ್ತೆಂಟು ವರ್ಷದ ಕೆಲಸ ಎರಡು ನಿಮಿಷಕ್ಕೆ ಹೋಗಿತ್ತು. ಆದರೂ ಕುಂಚಪ್ಪ ತಲೆ ಎತ್ತಿಕೊಂಡೇ ನಡೆದ. ದಾರಿಯಲ್ಲಿ ಎದುರಾದ ಗೆಳೆಯರ ಹತ್ತಿರವೆಲ್ಲ ನಿಂತು ನಿಂತು ಕತೆ ಹೇಳಿದ. "ನಾನು ಹೋದ್ರೇನು, ನಮ್ಮ ಅಳಿಯಂದಿರು ಉಳಿದ್ರು" ಅಂತ ಪ್ರತಿ ಸಲವೂ ಮುಗಿಸಿದ. ಹೀಗಾಗಿ ಹತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಸುದ್ದಿ ಅವನಿಗಿಂತ ಮುಂಚೆ ಮನೆ ಸೇರಿತ್ತು.

ಅಳಿಯ ಜಗಲಿಯ ಬೆಂಚಿನ ಮೇಲೆ ಕೂತು ಕುತ್ತಿಗೆಯಲ್ಲಿ ಸೀಟಿ ಇಲ್ಲದ ದಾರವನ್ನು ಸುಮ್ಮನೆ ತಿರುವುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಮಗಳೇ ಹೇಳಿದಳು, ಕಣ್ಣು ಹೊಳೆಯುತ್ತಿತ್ತು:

"ಅಪ್ಪಾ, ನಿನ್ನನ್ನ ತೆಗೆದ್ರು ಅಂತ ಕೇಳಿದ ತಕ್ಷಣ ಇವರು ಎದ್ದು ಹೋಗಿ ರಾಜೀನಾಮೆ ಕೊಟ್ಟು ಬಂದ್ರು! ಸೀಟೀನೂ ಮೇಜಿನ ಮೇಲೆ ಇಟ್ಟು ಬಂದಿದ್ದಾರೆ."

ಕುಂಚಪ್ಪ ಬಾಗಿಲಲ್ಲೇ ಕೂತುಬಿಟ್ಟ. "ಯಾಕಪ್ಪಾ ಹಾಗೆ ಮಾಡಿದೆ?"

"ಸೋತದ್ದು ನಾನು, ಮಾವ," ಎಂದ ಅಳಿಯ. "ನಿಮ್ಮನ್ನ ಕಳಿಸಿ ನಾನು ಅಲ್ಲಿ ಕೂರೋದಾ?"

"ಚೆನ್ನಾಗಿದೆ," ಎಂದಳು ಕುಂಚಪ್ಪನ ಹೆಂಡತಿ ಒಳಗಿನಿಂದ. "ಒಬ್ಬರನ್ನೊಬ್ಬರು ಉಳಿಸೋಕೆ ಹೋಗಿ ಇಬ್ಬರೂ ಬೆಂಚಿಗೆ ಬಂದ್ರಿ."

ಅಷ್ಟರಲ್ಲಿ ಕಾರ್ಯದರ್ಶಿ ಏದುಸಿರು ಬಿಡುತ್ತ ಬಂದರು. "ಕುಂಚಪ್ಪನೋರೇ, ಒಂದು ಸಲ ಬರಬೇಕು. ರಾಜೀನಾಮೆ ಬಂದಿದೆ. ತಾರೀಖು ಬರೀಬೇಕು."

"ನನ್ನನ್ನ ತೆಗೆದಿದ್ದೀರಲ್ಲ. ಹೊಸ ಬರಹಗಾರರು ಯಾರು?"

"ಸಲೂನಿನವರನ್ನ ನೇಮಿಸಿದ್ವಿ."

"ಅವರ ಹತ್ರ ಬರೆಸಿ."

"ತೆಗೆದ್ವಿ. ಇಪ್ಪತ್ತು ನಿಮಿಷ ಇದ್ರು." ಕಾರ್ಯದರ್ಶಿ ತಲೆ ತಗ್ಗಿಸಿದರು. "ಇನ್ನೊಂದು ಬಸವನಹುಳು ಬರೆದ್ರು. ನೀವು ಬರದಿದ್ರೆ ಮೂರನೇದನ್ನ ನಾನೇ ಬರೀಬೇಕಾಗುತ್ತೆ."

ಅಳಿಯನ ಹೆಸರಿನ ಪಕ್ಕ ಬಸವನಹುಳು! ಕುಂಚಪ್ಪ ಎದ್ದ. ದಿನವಿಡೀ ಬರೆಯಲಾರೆ ಎಂದು ಹೋರಾಡಿದ ತಾರೀಖನ್ನು ಸಂಜೆ ಆರಕ್ಕೆ ತಾನೇ ಬರೆದ. ಹೊಸ ಬಸವನಹುಳುವನ್ನು ಒರೆಸಿ, ಉರಿಯುವ ಭುಜವನ್ನು ಎಡಗೈಯಲ್ಲಿ ಆನಿಸಿಕೊಂಡು, ಉಸಿರು ಹಿಡಿದು, ಒಂದೊಂದು ಅಂಕೆಯನ್ನೂ ಮುತ್ತು ಕೂರಿಸಿದಂತೆ ಕೂರಿಸಿದ. ಅಷ್ಟು ಚೆಂದದ ತಾರೀಖು ಆ ಹಲಗೆಯ ಮೇಲೆ ಇನ್ನೊಂದಿರಲಿಲ್ಲ.

ಅಧ್ಯಕ್ಷರು ತುಂಬ ಹೊತ್ತು ನೋಡಿದರು. "ನಿಮ್ಮನ್ನ ತೆಗೆದದ್ದು ಅವಸರವಾಯ್ತು ಕುಂಚಪ್ಪನೋರೇ. ನಾಳೆಯಿಂದ ಮತ್ತೆ ನೀವೇ."

ಕುಂಚಪ್ಪನ ಮುಖ ಅರಳಿತು. "ಹಾಗಾದ್ರೆ ನಮ್ಮ ಅಳಿಯ ರಾಜೀನಾಮೆ ವಾಪಸ್ ತಗೋಬಹುದು! ಅವನು ಬಿಟ್ಟದ್ದೇ ನನಗೋಸ್ಕರ."

"ಅದು ಹೇಗಾಗುತ್ತೆ?" ಅಧ್ಯಕ್ಷರು ನಿಜಕ್ಕೂ ಆಶ್ಚರ್ಯಪಟ್ಟು ಹಲಗೆ ತೋರಿಸಿದರು. "ತಾರೀಖು ಬರೆದಾಯ್ತಲ್ಲ."

ಹನ್ನೆರಡು ಗಂಟೆಗೆ ಕಮಿಟಿ ಏನು ಬೇಕು ಅಂದಿತ್ತೋ ಎಲ್ಲವೂ ಹಾಗೇ ಆಗಿತ್ತು. ಅಳಿಯ ಮನೆಯಲ್ಲಿ, ಮಾವ ಏಣಿಯ ಮೇಲೆ, ತಾರೀಖು ಹಲಗೆಯಲ್ಲಿ. ಹೆಚ್ಚಿಗೆ ಬಂದದ್ದು ಒಂದು ಭುಜನೋವು.

ಕುಂಚಪ್ಪ ಮತ್ತೆ ಕುಂಚ ಅದ್ದಿ, ತಾರೀಖಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೇನೋ ಬರೆಯತೊಡಗಿದ.

"ಅಲ್ಲೇನು ಬರೀತೀರಿ? ಅಲ್ಲಿ ಬರೆಯೋ ಪದ್ಧತಿ ಇಲ್ಲ!" ಎಂದರು ಕಾರ್ಯದರ್ಶಿ.

"ಬೋರ್ಡು ಬರಹಗಾರ ಯಾರು?" ಎಂದ ಕುಂಚಪ್ಪ, ತಿರುಗಿ ನೋಡದೆ.

ಬರೆದು ಮುಗಿಸಿ, ಕುಂಚ ತೊಳೆದಿಟ್ಟು, ಮನೆಗೆ ಹೋಗಿ ಅಳಿಯನ ಪಕ್ಕ ಬೆಂಚಿನಲ್ಲಿ ಕೂತ.

ಹಲಗೆಯ ಮೇಲೆ ಇವತ್ತಿಗೂ ಅದು ಇದೆ. ಹದಿನಾರು ಹೆಸರಲ್ಲಿ ಸಾವು ಕರೆದೊಯ್ದದ್ದು ಒಬ್ಬರನ್ನು, ಕಮಿಟಿ ಕಳಿಸಿದ್ದು ಹದಿನಾಲ್ಕು ಜನರನ್ನು. ಒಂದೇ ಒಂದು ಹೆಸರಿನ ಮುಂದೆ ಮಾತ್ರ, ಚಿನ್ನದ ಬಣ್ಣದಲ್ಲಿ, ಒಂದು ಹನಿಯೂ ಸೋರದಂತೆ: 'ತಾನಾಗಿ ಬಿಟ್ಟದ್ದು.'