ಡ್ರೈವರಣ್ಣನ ಕಾಲಿನ ಅಳತೆ

ಮಳೆ ಬಂದ ದಿನ ನಮ್ಮ ಬಸ್ಸಲ್ಲಿ ಏನಾದ್ರೂ ಒಂದು ಆಗ್ದೇ ಇದ್ರೆ ನನಗೆ ಡ್ಯೂಟಿ ಮಾಡಿದ ಹಾಗೇ ಅನ್ಸಲ್ಲ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಅಂತ ಹದಿನಾಲ್ಕು ವರ್ಷದಿಂದ ಕಂಡಕ್ಟರ್ ಆಗಿದೀನಿ. ಅಷ್ಟೂ ವರ್ಷ ಒಬ್ಬನೇ ಡ್ರೈವರಣ್ಣ. ನಾನು ಬಾಯಿಬಡುಕ, ಮೂಗಿನ ತುದೀಲೇ ಕೋಪ. ಅಣ್ಣ ಮಾತೇ ಆಡಲ್ಲ. ಬಿಸಿಲಲ್ಲಿ ಜೋರಾಗೇ ಓಡಿಸ್ತಾನೆ. ನಾಲ್ಕು ಹನಿ ಬಿತ್ತೋ, ಹೊಸ ಮದುಮಗಳ ಹಾಗೆ ಮೆಲ್ಲಗೆ ಹೋಗ್ತಾನೆ.

ಕಂಬಿ ಇಲ್ಲದ ಬಸ್ಸು

ಬೀರೂರಲ್ಲಿ ರೈಲು ಹಿಡೀಬೇಕಾದೋರು ಒಬ್ರು ಕಡೂರಲ್ಲಿ ಹತ್ತಿದ್ರು. ಮಳೆ ಹಿಡಿದಿತ್ತು. ಮುಂದಿನ ಲಾರಿಗೂ ನಮಗೂ ಮಧ್ಯೆ ಇನ್ನೊಂದು ಬಸ್ಸು ನಿಲ್ಲೋಷ್ಟು ಜಾಗ ಬಿಟ್ಕೊಂಡು ಅಣ್ಣ ಹೊರಟ.

"ರೈಲು ತಪ್ಪೋಗುತ್ತೆ ಕಣಯ್ಯಾ! ಇದೇನು ಬಸ್ಸೋ, ಎತ್ತಿನಗಾಡಿಯೋ?" ಅಂತ ದಾರಿಯುದ್ದಕ್ಕೂ ಅವರ ರಗಳೆ.

ಬೀರೂರಿಗೆ ಬಂದ್ರೆ ರೈಲು ಆಗ ತಾನೇ ಮೆಲ್ಲಗೆ ಒಳಗೆ ಬರ್ತಿತ್ತು. ಅಣ್ಣ ಕೈ ತೋರಿಸಿ, "ನೋಡಿ ಸ್ವಾಮಿ, ಅದಕ್ಕೆ ಕಂಬಿ ಇದೆ. ಆದ್ರೂ ಎಷ್ಟು ಹುಷಾರಾಗಿ ಬತ್ತಿದೆ!" ಅಂದ.

ಅಜ್ಜಿಯ ಹುರುಳಿ

ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಟಾರು ರಸ್ತೇನೇ ಕಣ. ಗಿಡ ಹರಡಿಬಿಟ್ರೆ ಬಸ್ಸು, ಲಾರಿ ತುಳಿದು ಒಕ್ಕಣೆ ಮಾಡ್ಕೊಡ್ತವೆ. ಒಂದು ದಿನ ಅದರ ಮೇಲೇ ಮಳೆ ಸುರೀತು. ನೆಂದ ಹುರುಳಿ ಸೊಪ್ಪಿನ ಮೇಲೆ ಬ್ರೇಕ್ ಹಾಕಿದ್ರೆ ದೇವರೇ ಗತಿ. ಅಣ್ಣ ಬಸ್ಸು ನಿಲ್ಲಿಸಿ, "ಎಲ್ರೂ ಇಳೀರಪ್ಪ, ಎತ್ತಿ ಪಕ್ಕಕ್ಕೆ ಹಾಕೋಣ" ಅಂದ. ನಾನು ಗೊಣಗಿದೆ, ಜನ ಬೈದ್ರು. ಆದ್ರೆ ಎಲ್ಲರಿಗಿಂತ ಮೊದಲು ಬಗ್ಗಿದೋನು ಅಣ್ಣಾನೇ. ಬೇರೆ ದಾರಿ ಇಲ್ದೆ ನಾವೂ ಬಗ್ಗಿದ್ವಿ.

ಹುರುಳಿ ಯಜಮಾನಿ ಅಜ್ಜಿ ಗೋಣಿಚೀಲ ತಲೆಗೆ ಹಾಕ್ಕೊಂಡು ಓಡಿ ಬಂತು. ಜಗಳಕ್ಕೇ ಬಂತು ಅಂತ ನಾನು ತೋಳು ಏರಿಸಿದೆ. ಅಜ್ಜಿ ನೀಟಾಗಿ ಒಟ್ಟಿದ ಮೆದೆ ನೋಡ್ತು, ನಮ್ಮನ್ನ ನೋಡ್ತು.

"ನಾಳೆ ಇದೇ ಬಸ್ಸಿಗೆ ಬತ್ತೀರೇನ್ರಪ್ಪಾ? ಹೊಲದಲ್ಲಿ ಇನ್ನೂ ಅರ್ಧ ಕೀಳೋದೈತೆ!"

ಮದುಮಗನ ಬಸ್ಸು

ಹಿರೇನಲ್ಲೂರಿನ ಗಂಡಿನ ಕಡೆಯೋರು ಅಜ್ಜಂಪುರದ ಮದುವೆಗೆ ನಮ್ಮ ಬಸ್ಸು ಮಾಡಿದ್ರು. ಹತ್ತೂವರೆಗೆ ಮುಹೂರ್ತ. ದಾರೀಲಿ ಒಂದು ಹಳ್ಳ ರಸ್ತೆ ಮೇಲೇ ಹರೀತಿತ್ತು.

ಅಣ್ಣನ ಕಾಲಲ್ಲಿ, ಮೊಣಕಾಲಿಗೆ ಒಂದು ಗೇಣು ಕೆಳಗೆ, ಹಳೇ ಗಾಯದ ಗೆರೆ ಇದೆ. ಪ್ಯಾಂಟ್ ಮಡಚಿ ನೀರಿಗಿಳೀತಾನೆ. ನೀರು ಆ ಗೆರೆ ಮುಟ್ಟಿದ್ರೆ ಬಸ್ಸು ಹೊರಡಲ್ಲ. ಅವತ್ತು ಮುಟ್ಟಿತು.

ಮದುಮಗನ ಸೋದರಮಾವ ಕೂಗಾಡಿದ್ರು. "ಮುಹೂರ್ತ ತಪ್ಪಿದ್ರೆ ಏನ್ ಗತಿಯಯ್ಯಾ?"

"ಮುಹೂರ್ತ ಇನ್ನೊಂದು ಸಿಗುತ್ತೆ ಸ್ವಾಮಿ. ಮದುಮಗ?"

ಅಷ್ಟರಲ್ಲಿ ಒಂದು ಕಾರು ನಮ್ಮನ್ನ ದಾಟಿ ನೀರಿಗೆ ನುಗ್ಗಿ, ಹತ್ತು ಹೆಜ್ಜೆ ಹೋಗಿ ಕೆಮ್ಮಿ ನಿಂತ್ಬಿಡ್ತು. ಒಳಗಿಂದ "ಅಯ್ಯಯ್ಯೋ!" ಅಂದೋರು ಯಾರು? ಅದೇ ಮದುವೆ ಪುರೋಹಿತರು! ಅಣ್ಣ ಸೊಂಟಕ್ಕೆ ಹಗ್ಗ ಕಟ್ಕೊಂಡ, ಇನ್ನೊಂದು ತುದಿ ನಾವು ಹಿಡಿದ್ವಿ. ಮೊದಲು ಪುರೋಹಿತರನ್ನ, ಆಮೇಲೆ ಕಾರಿನ ಡ್ರೈವರನ್ನ ಈಚೆಗೆ ತಂದ. ಇಂಥೋನ ಪಕ್ಕ ಕೆಲಸ ಮಾಡೋದೇ ನನ್ನ ಪುಣ್ಯ ಅನ್ನಿಸ್ತು.

ಮುಕ್ಕಾಲು ಗಂಟೇಲಿ ನೀರು ಇಳೀತು. ಗೆರೆ ಕಾಣಿಸ್ತು, ಪುರೋಹಿತರನ್ನೂ ಹತ್ತಿಸ್ಕೊಂಡು ಬಸ್ಸು ಹೊರಡ್ತು. ಛತ್ರ ಮುಟ್ಟಿದಾಗ ಮುಹೂರ್ತಕ್ಕೆ ಇನ್ನು ಹತ್ತೇ ನಿಮಿಷ.

ಹೆಣ್ಣಿನ ತಂದೆ ಅಳಿಯನ ಕಾಲು ತೊಳೆಯೋಕೆ ತಂಬಿಗೆ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ರು. ಪುರೋಹಿತರು ನಡೆದದ್ದನ್ನೆಲ್ಲ ಹೇಳಿದ್ರು. ಆ ಯಜಮಾನರ ಕಣ್ಣು ತುಂಬಿ ಬಂತು. ಮದುಮಗನನ್ನ ಪಕ್ಕಕ್ಕೆ ಸರಿಸಿ, "ಮೊದಲು ತೊಳೀಬೇಕಾದ್ದು ಈ ಕಾಲು" ಅಂತ ಅಣ್ಣನ ಕೆಸರುಗಾಲು ಹಿಡಿದು ನೀರು ಹೊಯ್ದೇಬಿಟ್ರು.

ಹದಿನಾಲ್ಕು ವರ್ಷ ದನಿ ಎತ್ತದ ಅಣ್ಣ ಛತ್ರ ಹಾರಿಹೋಗೋ ಹಾಗೆ ಕಿರುಚಿದ:

"ಬಿಡ್ರೀ ಯಜಮಾನ್ರೇ! ನಂಗಾಗ್ಲೇ ಮದ್ವೆ ಆಗಿ ಇಬ್ರು ಮಕ್ಕಳವ್ರೆ!"