ಎರಡು ಕಾಲುಗಳ ಕೊರತೆ

ವಸ್ತುಸಂಗ್ರಹಾಲಯದ ಕೀಟ ವಿಭಾಗದಲ್ಲಿ ಎರಡು ಕಾಲುಗಳು ಕಡಿಮೆ ಇರುವುದು ವಾರ್ಷಿಕ ಪರಿಶೀಲನೆಯಲ್ಲಿ ದೃಢಪಟ್ಟಿತು. ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇದ್ದ ಎರಡು ಚಿಟ್ಟೆಗಳ ಪೈಕಿ ಬಾಲದ ಕಪ್ಪು ಚಿಟ್ಟೆಗೆ ಆರು ಕಾಲು, ಪಟ್ಟೆಯ ಕಂದು ಚಿಟ್ಟೆಗೆ ನಾಲ್ಕೇ. ಮೂವತ್ತೊಂದು ವರ್ಷ ಆ ಪೆಟ್ಟಿಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದ ಪಾಲಕರು ತಿಂಗಳ ಕೊನೆಗೆ ನಿವೃತ್ತರಾಗಬೇಕಿತ್ತು. ‘ಕೊರತೆ ಇಲ್ಲ’ ಎಂಬ ಪತ್ರವಿಲ್ಲದೆ ಅವರನ್ನು ಬಿಡುಗಡೆ ಮಾಡುವಂತಿರಲಿಲ್ಲ.

“ಇವೆರಡೂ ಬೇರೆ ಬೇರೆ ಕುಟುಂಬದವು ಸಾರ್,” ಎಂದರು ಪಾಲಕರು. “ಈ ಕಂದು ಬಣ್ಣದ್ದಕ್ಕೆ ಮುಂಗಾಲು ಮೋಟು. ಎದೆಗೆ ಮಡಚಿಕೊಂಡಿರುತ್ತೆ. ಮಸೂರದಲ್ಲಿ ನೋಡಿದ್ರೆ ಕಾಣುತ್ತೆ.”

“ಪರಿಶೀಲನೆ ಬರಿಗಣ್ಣಲ್ಲೇ ಆಗಬೇಕು ಅಂತ ನಿಯಮ ಇದೆ,” ಎಂದರು ಪರಿಶೀಲನೆಗೆ ಬಂದಿದ್ದ ಅಧಿಕಾರಿ. “ಪಕ್ಕದ್ದು ಆರನ್ನೂ ಜೋಪಾನವಾಗಿ ಇಟ್ಕೊಂಡಿದೆ. ಇದಕ್ಕೇನು ಧಾಡಿ?”

ತುಲನಾತ್ಮಕ ಅಧ್ಯಯನಕ್ಕೆ ಮೂವರ ಸಮಿತಿ ರಚನೆಯಾಯಿತು. ಕಪ್ಪು ಚಿಟ್ಟೆಯ ನಡತೆ ತೃಪ್ತಿಕರ, ಕಂದು ಚಿಟ್ಟೆಯದು ನಿರ್ಲಕ್ಷ್ಯ ಎಂದು ಅದು ಅಳೆದೂ ತೂಗಿ ವರದಿ ಕೊಟ್ಟಿತು. ಕಾಲು ಕಳೆದುಹೋದ ದಿನಾಂಕ ತಿಳಿಸುವಂತೆ ಪಾಲಕರಿಗೆ ನೋಟಿಸು ಬಂತು. ಹುಟ್ಟುವ ಮೊದಲೇ ಎಂದು ಅವರು ಬರೆದರು. ಆ ವೇಳೆ ಕರ್ತವ್ಯದಲ್ಲಿ ಯಾರಿದ್ದರು ಎಂದು ಎರಡನೇ ನೋಟಿಸು ಬಂತು.

“ಎರಡು ಕಾಲು ತಾನೇ? ಕೊಟ್ಟು ಕೈ ತೊಳ್ಕೊಳ್ರೀ,” ಎಂದು ಮನೆಯಲ್ಲಿ ಹೆಂಡತಿ ಬೂಟು ತಿಕ್ಕುವ ಬ್ರಷ್ಷನ್ನು ಮುಂದಿಟ್ಟರು. “ಒಂದನೇ ತಾರೀಕು ಮಗಳ ಮನೆಗೆ ಬರ್ತೀವಿ ಅಂತ ಹೇಳಿಯಾಗಿದೆ.”

ಬ್ರಷ್ಷಿನಿಂದ ಕಿತ್ತ ಎರಡು ಕೂದಲನ್ನು ಮರುದಿನ ಪಾಲಕರು ಚಿಟ್ಟೆಯ ಎದೆಗೆ ಅಂಟಿಸಿದರು. ನಾಚಿಕೆಯಿಂದ ಅವರಿಗೆ ಸತ್ತ ಚಿಟ್ಟೆಯ ಮುಖ ನೋಡಲೂ ಆಗಲಿಲ್ಲ. ಅಧಿಕಾರಿ ಎರಡು ಸಲ ಎಣಿಸಿ, “ನೋಡಿ, ಮನಸ್ಸು ಮಾಡಿದ್ರೆ ಸಿಗುತ್ತೆ,” ಎಂದರು. ಅದೇ ಕುಟುಂಬದ ಉಳಿದ ನಾನೂರು ಚಿಟ್ಟೆಗಳೂ ಆರು ತಿಂಗಳೊಳಗೆ ತಮ್ಮ ಕೊರತೆ ತುಂಬಿಕೊಳ್ಳತಕ್ಕದ್ದು ಎಂಬ ಸುತ್ತೋಲೆ ಹೊರಟಿತು.

ಬಿಡುಗಡೆ ಪತ್ರಕ್ಕೆ ಅಧಿಕಾರಿ ಸಹಿ ಹಾಕಬೇಕು ಎನ್ನುವಷ್ಟರಲ್ಲಿ ಜೀವಂತ ಕಂದು ಚಿಟ್ಟೆಯೊಂದು ಕಿಟಕಿಯಿಂದ ಬಂದು ಮೇಜಿನ ಮೇಲೆ ಕೂತಿತು. ನಾಲ್ಕು ಕಾಲೂರಿ, ಎರಡನ್ನು ಎದೆಗೆ ಮಡಚಿ, ನಿಧಾನಕ್ಕೆ ರೆಕ್ಕೆ ಬಿಚ್ಚಿತು. ಪಾಲಕರಿಗೆ ಅಷ್ಟು ಚಂದದ್ದನ್ನು ಎಂದೂ ಕಂಡ ನೆನಪಿರಲಿಲ್ಲ.

ಅಧಿಕಾರಿ ಪೆನ್ನು ಎತ್ತಿ ಹಿಡಿದು ಕೇಳಿದರು. “ಇದಕ್ಕೆಷ್ಟು?”

“ಆರು ಸಾರ್,” ಎಂದರು ಪಾಲಕರು.

ಗುಮಾಸ್ತನೂ ಬಂದು ಬಗ್ಗಿ ನೋಡಿ, ಆರು ಎಂದ. ಅಧಿಕಾರಿ ಸಹಿ ಹಾಕಿದರು.